ರಫೂ ಅಕ್ಕನ ಎರಡು ಕೈಬರಹ

ನಮ್ಮ ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಜಗಳವಾಡುವುದು ನನ್ನ ಕೆಲಸ, ಅವರನ್ನು ಬೆರಗುಗೊಳಿಸುವುದು ರಫೂ ಅಕ್ಕನ ಕೆಲಸ. ನಾನು ಕೌಂಟರಿನಲ್ಲಿ ಕೂತು ಚೀಟಿ ಹರಿದು ಕೊಡುತ್ತೇನೆ, ಕಲೆ ಹೋಗಿಲ್ಲವೆಂದು ಕೂಗಾಡುವವರಿಗೆ ಅವರಿಗಿಂತ ಒಂದು ಸ್ವರ ಮೇಲೆಯೇ ಉತ್ತರ ಕೊಡುತ್ತೇನೆ. ಅವಳು ನನ್ನ ಬೆನ್ನ ಹಿಂದೆ, ಕಿಟಕಿಯ ಬೆಳಕು ಬೀಳುವ ಮೇಜಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾಳೆ. ಕಿಡಿ ತಾಗಿ ತೂತಾದ ಕೋಟು, ಹುಳು ತಿಂದ ಶಾಲು, ಮೊಳೆಗೆ ಸಿಕ್ಕಿದ ಪ್ಯಾಂಟು ಎಲ್ಲವೂ ಅವಳ ಕೈ ದಾಟಿಯೇ ಹೊರಗೆ ಹೋಗಬೇಕು.

ರಫೂ ಎಂದರೆ ತೇಪೆ ಹಚ್ಚುವುದಲ್ಲ. ಅವಳು ಬಟ್ಟೆಯ ಒಳಮಡಿಕೆಯಿಂದ ಅದೇ ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು, ತೂತಿನ ಮೇಲೆ ಅಡ್ಡಕ್ಕೂ ಉದ್ದಕ್ಕೂ ನೇಯುತ್ತಾಳೆ. ನೇಯ್ಗೆಯಲ್ಲಿ ಎಲ್ಲಾದರೂ ಗಂಟು ಇದ್ದರೆ ಇವಳೂ ಅಂಥದ್ದೊಂದು ಗಂಟು ಹಾಕುತ್ತಾಳೆ. ಹನ್ನೆರಡನೇ ವಯಸ್ಸಿನಲ್ಲಿ ಸೋದರತ್ತೆಯ ಪಕ್ಕ ಕೂತು ಕಲಿತದ್ದು. "ತೂತು ಎಲ್ಲಿತ್ತು ಅಂತ ಬಟ್ಟೆ ಯಜಮಾನನಿಗೇ ಗೊತ್ತಾಗಬಾರದು, ಆಗಲೇ ಅದು ರಫೂ" ಎಂದು ಆ ಅತ್ತೆ ಹೇಳಿದ್ದನ್ನು ಇವಳು ವೇದವಾಕ್ಯದ ಹಾಗೆ ಪಾಲಿಸುತ್ತಾಳೆ. ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯ ನೆಂಟ. ಒಬ್ಬಳೇ ಮಗಳು.

ಆ ಮಗಳಿಗೆ ಬುಗುರಿ ಎಂದು ಹೆಸರಿಟ್ಟವಳು ನಾನೇ. ಒಂಬತ್ತು ವರ್ಷದ ಆ ಹುಡುಗಿ ಸಂಜೆ ನಾಲ್ಕಕ್ಕೆ ಸ್ಕೂಲು ಬಿಟ್ಟು ಅಂಗಡಿಗೆ ಬಂದಳೆಂದರೆ ತೂಗುಹಾಕಿದ ಕೋಟುಗಳ ಸಾಲಿನೊಳಗೆ ನುಗ್ಗಿ ಆ ತುದಿಯಲ್ಲಿ ಹೊರಬರುತ್ತಿದ್ದಳು. ಬ್ಯಾಗು ಒಂದು ಕಡೆ, ಬೂಟು ಇನ್ನೊಂದು ಕಡೆ, ನೀರಿನ ಬಾಟಲಿ ಸ್ಕೂಲಿನಲ್ಲೇ. ಒಂದು ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲೇ ಮುಂದಿನದಕ್ಕೆ ಹಾರುವಳು. "ದೊಡ್ಡಮ್ಮ, ಈ ಕೋಟಿನ ಅಂಕಲ್ ಯಾಕೆ ಬಂದಿಲ್ಲ? ಸತ್ತೋದ್ರಾ? ಸತ್ತೋದ್ರೆ ಕೋಟು ಯಾರಿಗೆ?" ಎಂದು ಗಿರಾಕಿಗಳೆದುರೇ ಕೇಳಿ ನನ್ನ ಮಾನ ಕಳೆದದ್ದುಂಟು. ಆದರೆ ಯಾರ ಕೋಟು ಯಾವುದು ಎಂದು ಅವಳಿಗೆ ಚೀಟಿ ನೋಡದೆ ಗೊತ್ತಿರುತ್ತಿತ್ತು. ಹತ್ತು ವರ್ಷದಿಂದ ಕೌಂಟರಿನಲ್ಲಿರುವ ನನಗೂ ಅದು ಆಗುವುದಿಲ್ಲ.

ನೋಟ್‌ಬುಕ್ ಮುಂದೆ ಕೂರಿಸಿದರೆ ಮಾತ್ರ ಕಥೆಯೇ ಬೇರೆ. ಒಂದು ಸಾಲು ಬರೆಯುವಳು, ಎರಡನೆಯ ಸಾಲಿನ ನಡುವೆ ಪೆನ್ಸಿಲು ಬೀಳುವುದು, ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಅಲ್ಲೇ ಮೇಜಿನ ಕೆಳಗೆ ಗುಂಡಿ ಹುಡುಕುತ್ತ ಕೂತುಬಿಡುವಳು. ಮರುದಿನ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದರು. ಎರಡನೇ ಕ್ಲಾಸಿನಲ್ಲಿ ಒಂದು ಸಂಜೆ ಅತ್ತೂ ಅತ್ತೂ ಮುಖ ಊದಿಸಿಕೊಂಡು ಬಂದಳು. ಅಂದು ರಫೂ ಅಕ್ಕ ಸೂಜಿ ಕೆಳಗಿಟ್ಟು, ಮಗಳ ನೋಟ್‌ಬುಕ್ ಎಳೆದುಕೊಂಡು, ಉಳಿದಿದ್ದ ಎರಡು ಸಾಲನ್ನು ತಾನೇ ಬರೆದು ಮುಗಿಸಿದಳು.

ಶುರುವಾದದ್ದು ಆ ಎರಡು ಸಾಲಿನಿಂದ. ಆಮೇಲೆ ಅರ್ಧ ಪುಟ, ಆಮೇಲೆ ಪೂರ್ತಿ ಪಾಠ. ದಿನಾ ಸಂಜೆ ಅಂಗಡಿ ಮುಚ್ಚುವ ಮೊದಲು ಅವಳು ಬರೆಯುತ್ತಿದ್ದ ರೀತಿ ನೋಡಿ ನನಗೆ ನಗು ಬರುತ್ತಿತ್ತು. ಮಗಳ ಅಕ್ಷರ ಎಡಕ್ಕೆ ವಾಲುತ್ತದೆಯೆಂದು ಇವಳೂ ವಾಲಿಸುವಳು. ಮಗಳು ಒತ್ತಿ ಬರೆದು ಕೆಳಗಿನ ಪುಟಕ್ಕೂ ಗುರುತು ಬೀಳಿಸುತ್ತಾಳೆಂದು ಇವಳೂ ಒತ್ತುವಳು. ಪುಟಕ್ಕೆರಡು ತಪ್ಪು, ಒಂದು ಕಡೆ ಹೊಡೆದುಹಾಕಿದ ಪದ, ಮೂಲೆಯಲ್ಲಿ ರಬ್ಬರಿನ ಕಲೆ. "ಇದೆಂಥಾ ಕರ್ಮ ಕಣೇ, ತಪ್ಪನ್ನೂ ನೀನೇ ಮಾಡಬೇಕಾ?" ಎಂದರೆ, "ತಪ್ಪಿಲ್ದಿದ್ರೆ ಗೊತ್ತಾಗುತ್ತಲ್ಲ" ಎನ್ನುವಳು. ನಾನು ತಡೆಯಲಿಲ್ಲ. ತಡೆಯುವುದಿರಲಿ, ಅದೇ ಬಣ್ಣದ ಪೆನ್ಸಿಲು ತಂದುಕೊಟ್ಟವಳು ನಾನು.

ಹೀಗೆ ಎರಡು ವರ್ಷ ನೋಟ್‌ಬುಕ್ಕಿನಲ್ಲಿ ಕೆಂಪು ಇಂಕಿನ "ಚೆನ್ನಾಗಿದೆ" ಬಿತ್ತು, ಪರೀಕ್ಷೆಯಲ್ಲಿ ಸೊನ್ನೆ ಬಿತ್ತು. ನಾಲ್ಕನೇ ಕ್ಲಾಸಿನಲ್ಲಿ ಅದೇ ಕ್ಲಾಸಿಗೆ ಮತ್ತೆ ಕೂರಿಸುತ್ತೇವೆ, ಇಲ್ಲವಾದರೆ ಬೇರೆ ಸ್ಕೂಲು ನೋಡಿಕೊಳ್ಳಿ ಎಂಬ ಮಾತು ಬಂತು. ಆಗ ತಾಯಿ ಮಗಳು ಮಕ್ಕಳ ಡಾಕ್ಟರ ಹತ್ತಿರ ಹೋದರು. ಮೂರು ಸಲ ಕರೆಸಿ, ನೋಡಿ, ಮಾತಾಡಿಸಿ, ಇದು ಎ.ಡಿ.ಎಚ್.ಡಿ. ಎಂದರು ಡಾಕ್ಟರು. ಸೋಮಾರಿತನವಲ್ಲ, ಹಠವೂ ಅಲ್ಲ, ಗಮನವನ್ನು ಒಂದು ಕಡೆ ಹಿಡಿದಿಡಲು ಈ ಮಗುವಿಗೆ ಆಗುವುದಿಲ್ಲ, ಸ್ಕೂಲಿನ ವಿಶೇಷ ಕೊಠಡಿಯಲ್ಲಿ ದಿನಕ್ಕೆ ಎರಡು ಗಂಟೆ ಕಲಿಸಿದರೆ ದಾರಿಗೆ ಬರುತ್ತಾಳೆ ಎಂದು ಕಾಗದ ಬರೆದುಕೊಟ್ಟರು. ಗಂಡ ಫೋನಿನಲ್ಲಿ, "ಬುದ್ಧಿ ಬಂದ್ರೆ ಎಲ್ಲಾ ಸರಿಹೋಗುತ್ತೆ ಬಿಡು" ಎಂದನಂತೆ. ಯಾರಿಗೆ ಬುದ್ಧಿ ಬಂದರೆ ಎಂದು ನಾನಾಗಿದ್ದರೆ ಕೇಳುತ್ತಿದ್ದೆ.

ವಿಶೇಷ ಕೊಠಡಿಯಲ್ಲಿ ಎಂಟೇ ಜಾಗ. ಕೇಳಿದವರು ಇಪ್ಪತ್ತು ಜನ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ದಿನ ರಫೂ ಅಕ್ಕ ಒಬ್ಬಳೇ ಹೋಗಲು ಹೆದರಿದಳು, ಅದಕ್ಕೆ ನಾನೂ ಹೋದೆ. ಉದ್ದ ಮೇಜಿನ ಆಚೆ ಹೆಡ್‌ಮಿಸ್ಸು, ಕ್ಲಾಸ್ ಟೀಚರು ಮತ್ತು ವಿಶೇಷ ಕೊಠಡಿಯ ಟೀಚರು ಕೂತಿದ್ದರು. ಮೇಜಿನ ಮೇಲೆ ಬುಗುರಿಯ ನೋಟ್‌ಬುಕ್ಕುಗಳ ರಾಶಿ.

"ಡಾಕ್ಟರ್ ಬರೆದಿರೋದು ಇರಲಿ" ಎಂದರು ಹೆಡ್‌ಮಿಸ್ಸು, ಪುಟ ತಿರುವುತ್ತ. "ಇದನ್ನ ನೋಡಿ. ಮನೆಲಿ ಕೂತು ಇಷ್ಟು ಬರೆಯೋ ಮಗು ಪರೀಕ್ಷೆಲಿ ಬರೆಯಲ್ಲ ಅಂದ್ರೆ ಅದು ಹಠ ಅಷ್ಟೇ. ಇವಳಿಗೆ ಕೊಟ್ರೆ, ನಿಜವಾಗ್ಲೂ ಕಷ್ಟ ಇರೋ ಮಗುಗೆ ತಪ್ಪುತ್ತೆ."

ನಾನು ಮೇಜಿನ ಕೆಳಗೆ ರಫೂ ಅಕ್ಕನ ಕಾಲು ತುಳಿದೆ. ಅವಳು ಸೆರಗಿನ ಅಂಚು ಹಿಂಡುತ್ತ, "ಅದು ಅವಳು ಬರೆದಿದ್ದಲ್ಲ ಮೇಡಂ. ನಾನು ಬರೆದಿದ್ದು" ಎಂದಳು.

ಕ್ಲಾಸ್ ಟೀಚರು ನಕ್ಕೇಬಿಟ್ಟರು. "ಎರಡು ವರ್ಷದಿಂದ ತಿದ್ದುತಾ ಇದೀನಿ, ಅವಳ ಅಕ್ಷರ ನಂಗೆ ಗೊತ್ತಿಲ್ವಾ? ಜಾಗಕ್ಕೋಸ್ಕರ ಹೆತ್ತ ತಾಯಿನೇ ಹೀಗೆ ಸುಳ್ಳು ಹೇಳೋದಾ?"

ರಫೂ ಅಕ್ಕ ಮೇಜಿನ ಮೇಲಿದ್ದ ಪೆನ್ಸಿಲು ತೆಗೆದುಕೊಂಡು, ನೋಟ್‌ಬುಕ್ಕಿನ ಖಾಲಿ ಪುಟದಲ್ಲಿ ನಾಲ್ಕು ಸಾಲು ಬರೆದಳು. ವಾಲಿದ ಅಕ್ಷರ, ಒತ್ತಿದ ಗುರುತು, ಮೂರನೇ ಸಾಲಿನಲ್ಲಿ ಹೊಡೆದುಹಾಕಿದ ಪದ. ಬರೆದು ಅವರ ಕಡೆ ತಿರುಗಿಸಿಟ್ಟಳು. ಕ್ಲಾಸ್ ಟೀಚರ ಮುಖ ಹುಳ್ಳಗಾಯಿತು.

"ಇದು ಮೋಸ ಅಲ್ವಾ?" ಎಂದರು ಹೆಡ್‌ಮಿಸ್ಸು.

"ಮೋಸ ಮಾಡಿದ್ದು ಇವಳು, ಅದಕ್ಕೆ ಎರಡು ವರ್ಷ 'ಚೆನ್ನಾಗಿದೆ' ಅಂತ ಬರೆದೋರು ಯಾರು?" ಎಂದೆ ನಾನು. ನನ್ನ ನಾಲಿಗೆ ಇರುವುದೇ ಹಾಗೆ. ಆ ಮಾತಿಗೆ ಸಿಗಬಹುದಾಗಿದ್ದ ಜಾಗವೂ ಹೋಗುತ್ತಿತ್ತೇನೋ, ಅಷ್ಟರಲ್ಲಿ ವಿಶೇಷ ಟೀಚರು ನಡುವೆ ಬಂದರು. ನಿಧಾನದ ಹೆಂಗಸು. "ಯಾಕಮ್ಮ ಹೀಗೆ ಮಾಡಿದ್ರಿ?" ಎಂದು ಕೇಳಿದರು. "ದಿನಾ ಬೈಸ್ಕೊಂಡು ಬರ್ತಿದ್ಲು" ಎಂದಳು ರಫೂ ಅಕ್ಕ, ಅಷ್ಟೇ. ಆಕೆ ಒಂದು ಕಾಗದ ಕೊಟ್ಟರು. "ಸೋಮವಾರದೊಳಗೆ ಇದನ್ನ ತುಂಬಿ ತನ್ನಿ. ಮಗುಗೆ ಏನೇನು ಆಗಲ್ಲ, ಅದ್ರಿಂದ ಮನೆಲಿ ಏನೇನು ಕಷ್ಟ, ಎಲ್ಲಾ ನಿಮ್ಮ ಸ್ವಂತ ಅಕ್ಷರದಲ್ಲಿ ಬರೀರಿ. ಈ ಸಲ ಏನನ್ನೂ ಮುಚ್ಚಿಡಬೇಡಿ."

ಶನಿವಾರ ಮಧ್ಯಾಹ್ನ ಅಂಗಡಿಯಲ್ಲಿ ಬರೆಯಲು ಕೂತಳು. ಅವಳ ಸ್ವಂತ ಅಕ್ಷರ ನಾನು ಕಂಡದ್ದೇ ಅಂದು. ದುಂಡಗೆ, ನೆಟ್ಟಗೆ, ಒಂದಕ್ಕೊಂದು ತಾಗದ ಅಕ್ಷರ. 'ನನ್ನ ಮಗಳು ತುಂಬಾ ಒಳ್ಳೆಯವಳು, ಸ್ವಲ್ಪ ಚಂಚಲ' ಎಂದು ಶುರುಮಾಡಿದ್ದಳು. ನಾನು ಆ ಹಾಳೆಯನ್ನು ಹರಿದುಹಾಕಿದೆ. "ಇದನ್ನ ಓದಿದ್ರೆ ಬಹುಮಾನ ಕೊಡ್ತಾರೆ, ಜಾಗ ಕೊಡಲ್ಲ. ಗಿರಾಕಿಗಳು ಕಂಪ್ಲೇಂಟು ಬರೆಯೋದು ನೋಡಿಲ್ವಾ? ಚೂರೂ ಸಕ್ಕರೆ ಹಾಕಬೇಡ." ಕೋಟುಗಳನ್ನು ಚೀಟಿಯಿಲ್ಲದೆ ಗುರುತಿಸುತ್ತಾಳೆ ಎಂದು ಬರೆದಿದ್ದನ್ನು ತೆಗೆಸಿದೆ. ಯಾರಾದರೂ ಅತ್ತರೆ ಪಕ್ಕದಲ್ಲಿ ಹೋಗಿ ಕೂರುತ್ತಾಳೆ ಎಂಬುದನ್ನೂ ತೆಗೆಸಿದೆ. ಉಳಿದದ್ದು ಒಂದೂವರೆ ಪುಟ. ಒಂದು ಕೆಲಸವನ್ನೂ ಮುಗಿಸುವುದಿಲ್ಲ. ಹೇಳಿದ್ದು ಒಂದೂ ನೆನಪಿರುವುದಿಲ್ಲ. ಒಬ್ಬಳೇ ರಸ್ತೆ ದಾಟಲು ಬಿಡಲಾಗುವುದಿಲ್ಲ. ಗೆಳತಿಯರಿಲ್ಲ, ಯಾರೂ ಮನೆಗೆ ಕರೆಯುವುದಿಲ್ಲ. ಕೊನೆಗೆ ಅವಳೇ, ನಾನು ಹೇಳಿಕೊಡದೆ, ಒಂದು ಸಾಲು ಸೇರಿಸಿದಳು: 'ಇವಳಿಂದ ನನಗೆ ತುಂಬಾ ಸುಸ್ತಾಗುತ್ತದೆ, ಕೆಲವು ದಿನ ಇವಳು ಸ್ಕೂಲಿಂದ ಬರುವ ಹೊತ್ತಾದರೆ ಭಯವಾಗುತ್ತದೆ.' ಓದಿ ನನ್ನ ಕಣ್ಣಲ್ಲಿ ನೀರು ಬಂತು. ಆದರೂ, "ಹಾಂ, ಈಗ ಕೆಲಸ ಆಗುತ್ತೆ" ಎಂದೆ.

ಹಾಳೆ ಮೇಜಿನ ಮೇಲೆಯೇ ಉಳಿಯಿತು. ಅವಳು ಒಳಗೆ ಇಸ್ತ್ರಿಯವನ ಹತ್ತಿರ ಹೋದಳು, ನಾನು ಗುಂಡಿ ಕಳೆದಿದೆಯೆಂದು ರಂಪ ಮಾಡುತ್ತಿದ್ದವನೊಬ್ಬನ ಜೊತೆ ವಾದಕ್ಕಿಳಿದೆ. ಅವನು ಹೋದ ಮೇಲೆ ಅಂಗಡಿ ತೀರಾ ಸದ್ದಿಲ್ಲದೆ ಇದೆ ಅನ್ನಿಸಿ ಹಿಂತಿರುಗಿದೆ. ಯಾವಾಗ ಒಳಗೆ ಬಂದಿದ್ದಳೋ, ಬುಗುರಿ ಮೇಜಿನ ಪಕ್ಕ ನಿಂತು ಆ ಹಾಳೆ ಓದುತ್ತಿದ್ದಳು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಒಂದು ಸಾಲೂ ಬಿಡದೆ. ಕಾಲು ಕುಣಿಯುತ್ತಿರಲಿಲ್ಲ. ಅವಳು ಒಂದೂವರೆ ಪುಟವನ್ನು ಒಂದೇ ಸಲಕ್ಕೆ ಓದಿ ಮುಗಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅವಳ ಅಮ್ಮ ಒಳಗಿನಿಂದ ಬಂದು ನಿಂತಲ್ಲೇ ನಿಂತಳು.

"ಅಮ್ಮಾ, ಇದೆಲ್ಲಾ ನಾನಾ?"

"ಅದು ಸ್ಕೂಲಿಗೆ ಬರೆದಿದ್ದು ಕಂದಾ."

"ಸುಳ್ಳು ಬರೆದಿದ್ದಾ?"

ಸುಳ್ಳು ಎಂದರೆ ಆ ಮಗು ಸೋಮವಾರ ಸ್ಕೂಲಿನಲ್ಲಿ ಎಲ್ಲರೆದುರು ಅದನ್ನೇ ಹೇಳುವಂಥದ್ದು, ಅವಳ ಬಾಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ನಿಜ ಎಂದರೆ ಒಂಬತ್ತು ವರ್ಷದ ಮಗುವಿಗೆ ಯಾವ ತಾಯಿ ಹೇಳಿಯಾಳು? ರಫೂ ಅಕ್ಕ ನನ್ನ ಮುಖ ನೋಡಿದಳು. ಊರಿಗೆಲ್ಲ ಉತ್ತರ ಕೊಡುವ ನಾನು ಚೀಟಿ ಪುಸ್ತಕ ಜೋಡಿಸುವ ನಾಟಕ ಮಾಡಿದೆ. ಅವಳು ಮಗಳನ್ನು ಎಳೆದು ಅಪ್ಪಿಕೊಂಡಳು. ಬುಗುರಿ ಅಪ್ಪಿಸಿಕೊಂಡಳು, ಅಷ್ಟೇ. ಮತ್ತೆ ಏನೂ ಕೇಳಲಿಲ್ಲ.

ಜಾಗ ಸಿಕ್ಕಿತು. ಇಪ್ಪತ್ತರಲ್ಲಿ ಮೊದಲ ಹೆಸರು ಅವಳದೇ. ನಾನು ಅಂಗಡಿಗೆಲ್ಲ ಚಹಾ ತರಿಸಿದೆ. ರಫೂ ಅಕ್ಕ ಎರಡು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟು ಸೂಜಿ ಹಿಡಿದಳು. ಬುಗುರಿ ಈಗ ಸಂಜೆ ಬಂದು ಸ್ಟೂಲಿನ ಮೇಲೆ ಕೂರುತ್ತಾಳೆ. ಕೋಟುಗಳ ಸಾಲಿನ ಕಡೆ ಹೋಗುವುದಿಲ್ಲ. ನೋಡಿದ ಗಿರಾಕಿಗಳು, "ಪರವಾಗಿಲ್ವೇ, ಹುಡುಗಿ ಎಷ್ಟು ಸುಧಾರಿಸಿದ್ದಾಳೆ!" ಎನ್ನುತ್ತಾರೆ. ಅವರಿಗೆ ನಾನು ಚಿಲ್ಲರೆ ಎಣಿಸಿಕೊಟ್ಟು ಕಳಿಸುತ್ತೇನೆ.

ಎರಡು ತಿಂಗಳಾದ ಮೇಲೆ ವಿಶೇಷ ಟೀಚರು ಕರೆಸಿದರು. ಮತ್ತೆ ನಾವಿಬ್ಬರೂ ಹೋದೆವು. ಚಿಕ್ಕ ಕೋಣೆ, ಎಂಟು ಮೇಜು, ಗೋಡೆಯ ಮೇಲೆ ಮಕ್ಕಳ ಅಂಗೈ ಗುರುತು. ಆಕೆ ಒಳ್ಳೆಯ ಮಾತಿನಲ್ಲೇ ಹೇಳಿದರು. "ಜಾಣ ಮಗು. ಹೇಳಿಕೊಟ್ರೆ ಖಂಡಿತ ಬರುತ್ತೆ, ನಂಗೆ ಅದು ಗೊತ್ತು. ಆದ್ರೆ ಶುರುನೇ ಮಾಡಲ್ಲ. ಏನು ಕೊಟ್ರೂ ಪೆನ್ಸಿಲ್ ಕೆಳಗಿಟ್ಟು ಒಂದೇ ಮಾತು: 'ನಂಗೆ ಆಗಲ್ಲ ಟೀಚರ್. ಬೇಕಾದ್ರೆ ಆ ಪೇಪರ್ ನೋಡಿ, ಅಮ್ಮನೇ ಬರೆದಿದ್ದಾಳೆ.'"

ರಫೂ ಅಕ್ಕ ಗೋಡೆಯ ಮೇಲಿನ ಅಂಗೈ ಗುರುತುಗಳನ್ನು ನೋಡಿದಳು. ಆಮೇಲೆ, "ಆ ಪೇಪರ್ ವಾಪಸ್ ಕೊಡ್ತೀರಾ ಮೇಡಂ?" ಎಂದು ಕೇಳಿದಳು.

"ಕೊಡೋಕಾಗಲ್ಲಮ್ಮ" ಎಂದರು ಟೀಚರು. "ಅವಳಿಗೆ ಜಾಗ ಇರೋವರೆಗೂ ಅದು ಫೈಲಲ್ಲೇ ಇರಬೇಕು."