ಕುಣಿಯುವ ಮುಳ್ಳು

ಆಯುಧಪೂಜೆಯ ಮರುವಾರ ನಾನು ಮೆಕ್ಯಾನಿಕ್ ಆಗಿರುವ ಶಾಲೆಯ ತರಬೇತಿ ವಿಮಾನದಲ್ಲಿ ಇಂಧನದ ಒತ್ತಡ ತೋರಿಸುವ ಮುಳ್ಳು ಕುಣಿಯತೊಡಗಿತು. ಕರೆಂಟ್ ಬೇಡದ ಬೇರೊಂದು ಮೀಟರನ್ನು ನೇರ ಇಂಧನದ ಪೈಪಿಗಿಟ್ಟು ಅಳೆದೆ, ಒತ್ತಡ ಸರಿಯಿತ್ತು. ಹಳೆಯ ಮೀಟರನ್ನು ಬಿಚ್ಚಿಕೊಂಡು ಪೀಣ್ಯದ ವರ್ಕ್‌ಶಾಪಿಗೆ ಹೋಗಿ, ಹಿಂದೆ ಅದನ್ನು ರಿಪೇರಿ ಮಾಡಿಕೊಟ್ಟಿದ್ದವರ ಮೇಲೆ ರೇಗಾಡಿದೆ. ಅವರು ಅದನ್ನು ತಮ್ಮ ಟೇಬಲ್ಲಿನ ಮೇಲೆ ಜೋಡಿಸಿ ಪರೀಕ್ಷಿಸಿದರು. ಮುಳ್ಳು ಒಂದಿಷ್ಟೂ ಅದುರಲಿಲ್ಲ.

“ಮೀಟರ್ ಚೆನ್ನಾಗಿದೆ ಸಾರ್. ಅರ್ತಿಂಗ್ ನೋಡಿ,” ಎಂದರು.

“ನಂಗೇ ಹೇಳ್ಕೊಡ್ತೀರಾ?” ಎಂದು ಸಿಡುಕಿ ಹೊರಟೆ.

ಹ್ಯಾಂಗರಿಗೆ ಬಂದು ಅರ್ತಿಂಗ್ ತಂತಿಯ ಬೋಲ್ಟ್ ಬಿಚ್ಚಿದರೆ, ಅದರಡಿ ಹಬ್ಬಕ್ಕೆಂದು ನಾನೇ ಬಳಿದಿದ್ದ ಬೂದು ಬಣ್ಣ, ತಂತಿ ಲೋಹಕ್ಕೆ ತಾಗದಂತೆ ಅಡ್ಡ ಕೂತು, ಮಿರುಗುತ್ತಿತ್ತು. ಲೋಹ ಕಾಣುವಷ್ಟು ಕೆರೆದು, ಮೀಟರ್ ಕೂರಿಸಿ, ಎಂಜಿನ್ ಓಡಿಸಿದೆ. ಮುಳ್ಳು ನೆಟ್ಟಗೆ ನಿಂತಿತು. ಪೀಣ್ಯಕ್ಕೆ ಫೋನ್ ಮಾಡಿ, “ಸರಿಹೋಯ್ತು” ಎಂದಷ್ಟೇ ಹೇಳಿದೆ.

“ಆಯುಧಪೂಜೆ ಆದ್ಮೇಲೆ ಎಲ್ಲ ಕಡೆ ಇದೇ ಕಥೆ. ಹಬ್ಬಕ್ಕೆ ಪೇಂಟ್ ಹೊಡೆದಿದ್ದು ಯಾರು ಸಾರ್?”

“ಏನೂ ಕೇಳಿಸ್ತಿಲ್ಲ ಕಣ್ರೀ,” ಎಂದು ಫೋನ್ ಇಟ್ಟುಬಿಟ್ಟೆ.