ಮೂರೆಳೆ ದಾರದ ಬೊಂಬೆ

ಅಕ್ಕಿ ಡಬ್ಬದ ಹಿಂದೆ ಬೊಂಬೆ ಸಿಕ್ಕಿದ್ದು ಒಂದು ಶನಿವಾರ. ಸೊಸೆ ಬೆಳಿಗ್ಗೆಯೇ ಡ್ಯೂಟಿಗೆ ಹೋಗಿದ್ದಳು. ಅವಳು ಮೂಡಿಗೆರೆಯ ಒಂದು ನರ್ಸಿಂಗ್ ಹೋಂನಲ್ಲಿ ನರ್ಸು. ಅಕ್ಕಿಗೆ ಹುಳ ಬಿದ್ದಿದೆಯೇನೋ ನೋಡೋಣ ಎಂದು ಡಬ್ಬ ಎಳೆದರೆ ಹಿಂದೆ ಹಳೇ ಟವೆಲಿನ ಗಂಟು. ಬಿಚ್ಚಿದೆ. ಮೊಳದುದ್ದದ ಬಟ್ಟೆ ಬೊಂಬೆ. ಕಣ್ಣು, ಮೂಗು, ಬಾಯಿ ಒಂದೂ ಇಲ್ಲ. ನೆತ್ತಿಯ ಮೇಲೆ ಕಪ್ಪು ದಾರದಲ್ಲಿ ಹೊಲಿದ, ಕಾಜು ಬರ್ಫಿಯ ಆಕಾರದ ಒಂದು ಗುರುತು. ಹೊಕ್ಕುಳಿನಿಂದ ಹೊರಟ ದಾರವಂತೂ ಒಂದು ಕೆಂಪು ಎಳೆ, ಎರಡು ನೀಲಿ ಎಳೆ ಸೇರಿಸಿ ಹೊಸೆದದ್ದು.

ಶಿವ ಶಿವಾ, ಮಾಟ ಅಂದುಕೊಂಡೆ. ಮದುವೆಯಾಗಿ ಆರು ವರ್ಷ, ಅವಳಿಗೆ ಮಕ್ಕಳಿರಲಿಲ್ಲ. ಮಕ್ಕಳಾಗದವಳು ಏನು ಮಾಡಲೂ ಹೇಸುವುದಿಲ್ಲ ಎನ್ನುವುದು ಆಗ ನನ್ನ ತಿಳಿವಳಿಕೆ. ಬೊಂಬೆಗೆ ವಿಭೂತಿ ಎರಚಿ, ಇಕ್ಕಳದಲ್ಲಿ ಹಿಡಿದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದೆ.

ಅದಕ್ಕೆ ಮೊದಲಿನ ಒಂದು ತಿಂಗಳ ಜಗಳವನ್ನೂ ಹೇಳಬೇಕು. ಚಿಕ್ಕಮಗಳೂರಿನಲ್ಲಿ ಹೊಸ ಹೆರಿಗೆ ವಿಭಾಗ ಶುರುವಾಗುವುದಿತ್ತು. ಅಲ್ಲಿ ಹೆರಿಗೆ ಮಾಡಿಸುವವರು ಅದಕ್ಕೆಂದೇ ತರಬೇತಾದ ನರ್ಸುಗಳು. ತೊಂದರೆ ಬಂದರೆ ಮಾತ್ರ ಡಾಕ್ಟರು. ಸೊಸೆ ಆ ತರಬೇತಿಯನ್ನು ತವರಿನಲ್ಲಿದ್ದುಕೊಂಡು ಮುಗಿಸಿದ್ದಳು. ಅರ್ಜಿಯನ್ನೂ ಹಾಕಿದ್ದಳು. ನಮ್ಮದು ಹಾರ್ಡ್‌ವೇರ್ ಅಂಗಡಿ. ಕಾಫಿ ಕಣಕ್ಕೆ ಟಾರ್ಪಾಲು ಬೇಕೆಂದರೆ ತೋಟದವರೆಲ್ಲ ಬರುವುದು ನಮ್ಮಲ್ಲಿಗೇ. ಯಜಮಾನರಿಗೆ ಅದೇ ಚಿಂತೆ.

“ನರ್ಸು ಅಂದ್ರೆ ಸರಿ, ಇಂಜೆಕ್ಷನ್ ಕೊಡ್ತಾಳೆ ಅಂತ ಹೇಳ್ಕೋಬಹುದು. ಸೊಸೆ ಸೂಲಗಿತ್ತಿ ಅಂದ್ರೆ ಗಲ್ಲಾ ಮೇಲೆ ನಾನು ಹೆಂಗೆ ಕೂರ್ಲಿ ಮಾರಾಯ್ತಿ?” ಅಂತ ನನ್ನ ಹತ್ತಿರ ಅಂದರು.

“ಹೆರದೋಳು ಹೆರಿಸೋಕೆ ಹೋಗ್ತಾಳಂತೆ,” ಅಂದೆ ನಾನು. ಸೊಸೆ ಅಲ್ಲೇ ಕಾಯಿ ತುರಿಯುತ್ತಿದ್ದಳು. ಅವಳಿಗೆ ಕೇಳಲಿ ಎಂದೇ ಅಂದದ್ದು. ಅವಳು ತುರಿಯುವುದನ್ನು ನಿಲ್ಲಿಸಲಿಲ್ಲ.

ಆ ಶನಿವಾರ ಮಧ್ಯಾಹ್ನ ಬಂದವಳೇ ಡಬ್ಬ ಸರಿದಿದ್ದನ್ನು ನೋಡಿ ಬಚ್ಚಲಿಗೆ ಓಡಿದಳು. ಒಲೆಯಲ್ಲಿ ಉಳಿದಿದ್ದು ಬೂದಿ.

“ಅತ್ತೆ, ಅದು ಮಗು,” ಅಂದಳು.

“ಯಾವ ಮಗುವೇ?”

“ಸೋಮವಾರ ಹನ್ನೊಂದಕ್ಕೆ ಇಂಟರ್‌ವ್ಯೂ. ಒಳಗೆ ಮಗು ಹೆಂಗೆ ತಿರುಗುತ್ತೆ ಅಂತ ಕೈಯಲ್ಲಿ ಮಾಡಿ ತೋರಿಸ್ಬೇಕು. ಅಭ್ಯಾಸಕ್ಕೆ ಅಂತ ಹೊಲ್ಕೊಂಡಿದ್ದು.”

“ಮತ್ತೆ ಬಚ್ಚಿಟ್ಟಿದ್ದು ಯಾಕೆ?”

“ನೀವು ನಗ್ತೀರಿ ಅಂತ.”

ಅಷ್ಟು ಕೇಳಿದ್ದೇ ನನಗೆ ನಂಬಿಕೆ ಬಂತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಈಗ ಬರೆಯುತ್ತಿದ್ದೇನೆ. ನಂಬಿಕೆ ಬಂದ ಮೇಲೂ ಸಂಜೆ ಯಜಮಾನರು ಬಂದಾಗ ‘ಮಾಟದ ಬೊಂಬೆ ಸಿಕ್ತು’ ಎಂದೇ ಹೇಳಿದೆ. ಅವರು ಅವಳ ಮಾತು ಕೇಳಲೇ ಇಲ್ಲ. “ಮಾಟ ಅಲ್ಲ ಅನ್ನೋದಾದ್ರೆ ದೇವರಮನೆ ಗುಡ್ಡಕ್ಕೆ ಬಂದು ಗುಡೀಲಿ ಆಣೆ ಮಾಡ್ಲಿ. ಸೋಮವಾರ ಒಳ್ಳೇ ದಿನ.”

“ಮಂಗಳವಾರ ಮಾಡ್ತೀನಿ ಮಾವ, ಎಷ್ಟು ಸಲ ಬೇಕಾದ್ರೂ ಮಾಡ್ತೀನಿ,” ಅಂದಳು. “ಸತ್ಯ ಇದ್ರೆ ದಿನ ಯಾಕೆ ನೋಡ್ಬೇಕು?” ಅಂದರು ಅವರು. ಅವಳು ಗಂಡನ ಕಡೆ ತಿರುಗಿದಳು. ನನ್ನ ಮಗ ಫೋನಿನಿಂದ ತಲೆ ಎತ್ತಲಿಲ್ಲ. “ಒಂದು ಆಣೆ ತಾನೆ? ಬೇಗ ಮುಗಿಸೋಣ. ಅಲ್ಲಿಂದ ನಾನೇ ಚಿಕ್ಕಮಗಳೂರಿಗೆ ಬಿಡ್ತೀನಿ.”

ಅವಳು ಅದನ್ನು ನಂಬಿದಳು.

ಸೋಮವಾರ ಬೆಳಿಗ್ಗೆ ಗುಡ್ಡದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಉಟ್ಟ ಸೀರೆಯಲ್ಲೇ ತಲೆಗೆ ನೀರು ಹೊಯ್ದು ಅವಳನ್ನು ಗುಡಿಯ ಎದುರು ನಿಲ್ಲಿಸಿದೆವು. ಪೂಜೆಯವರಿಗೆ ಹರಕೆ ಎಂದು ಹೇಳಿದ್ದೆವು. ಹೇಳಬೇಕಾದ ಮಾತನ್ನು ಯಜಮಾನರೇ ಹೇಳಿಕೊಟ್ಟರು: “ನಾನು ಮಾಟ ಮಾಡಿದ್ದರೆ ನನ್ನ ಮಡಿಲು ಎಂದೂ ತುಂಬದಿರಲಿ.” ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಆದರೂ ಒಂದಕ್ಷರ ನುಂಗದೆ ಹೇಳಿದಳು. ಹೇಳಿ, ನಮ್ಮ ಅಂಗಡಿ ವ್ಯಾನು ಹತ್ತಿ, ಇಂಟರ್‌ವ್ಯೂ ಫೈಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತಳು. “ಹೊರಡೋಣ. ಒಂಬತ್ತಾಯ್ತು.”

ಆಗ ಮಾತಾಡಿದ್ದು ನಾನು. “ಆಣೆ ಮಾಡಿದೋರು ಸೀದಾ ಮನೆಗೇ ಹೋಗ್ಬೇಕು. ದಾರೀಲಿ ಎಲ್ಲೂ ಇಳೀಬಾರ್ದು.”

ಹಾಗೊಂದು ಪದ್ಧತಿ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಯಾರಿಂದಲೂ ಕೇಳಿದ್ದಲ್ಲ. ಆ ಗಳಿಗೆಯಲ್ಲಿ ಬಾಯಿಗೆ ಬಂತು, ಅಷ್ಟೆ. ಗುಡಿಯ ಎದುರೇ ನಿಂತು ಆಡಿದ್ದರಿಂದ ಯಾರೂ ಎದುರಾಡಲಿಲ್ಲ.

ಮೂಡಿಗೆರೆ ಬಸ್ ಸ್ಟ್ಯಾಂಡ್ ಹತ್ತಿರ ಅವಳು ಗಂಡನ ಭುಜ ಮುಟ್ಟಿದಳು. “ರೀ, ಇಲ್ಲೇ ನಿಲ್ಸಿ. ಬಸ್ಸು ನಿಂತಿದೆ, ಹೋಗ್ತೀನಿ.” ಮಗ ಕನ್ನಡಿಯಲ್ಲಿ ನನ್ನ ಮುಖ ನೋಡಿದ. ನಾನು ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ವ್ಯಾನು ನಿಲ್ಲಲಿಲ್ಲ. ಚಿಕ್ಕಮಗಳೂರು ಬಸ್ಸು ನಮ್ಮ ಪಕ್ಕದಲ್ಲೇ ಹಾರ್ನ್ ಹಾಕಿಕೊಂಡು ಹೋಯಿತು.

ಮನೆಗೆ ಬಂದವಳು ಸೀರೆ ಬದಲಿಸಿ ಅನ್ನಕ್ಕೆ ಇಟ್ಟಳು. ನಾನು ದಿನಾ ಮಾಡುವಂತೆ ದೇವರ ಮುಂದೆ ಕೂತು ಆ ದಿನ ಆದ ಒಳ್ಳೇದನ್ನೆಲ್ಲ ಎಣಿಸಿದೆ. ಮಳೆ ಬರಲಿಲ್ಲ. ಕಾಯಿ ಸಮನಾಗಿ ಒಡೆಯಿತು. ಗುಡಿಯಲ್ಲಿ ಪರಿಚಯದವರು ಯಾರೂ ಸಿಗಲಿಲ್ಲ. ಸೊಸೆ ಅಳಲಿಲ್ಲ.

ಕೆಲಸ ಬೇರೆಯವರಿಗೆ ಹೋಯಿತು. ಅವಳು ಇವತ್ತಿಗೂ ಅದೇ ನರ್ಸಿಂಗ್ ಹೋಂನಲ್ಲಿ ಡ್ರಿಪ್ ಹಾಕುತ್ತಾಳೆ. ಮಡಿಲೂ ತುಂಬಲಿಲ್ಲ. ‘ಹಂಗಾದ್ರೆ ಮಾಟ ನಿಜಾನೇ’ ಎಂದು ಯಜಮಾನರು ಒಂದೆರಡು ಸಲ ಅಂದರು. ನಿಜ ಗೊತ್ತಿದ್ದ ನಾನು ಸುಮ್ಮನಿದ್ದೆ.

ಚಿಕ್ಕಮಗಳೂರಿಗೆ ಕೊಟ್ಟ ನನ್ನ ಮಗಳು ಹೋದ ತಿಂಗಳು ಹೆರಿಗೆಗೆ ಆ ವಿಭಾಗವೇ ಬೇಕು ಎಂದು ಹಟ ಹಿಡಿದಳು. ನನಗೆ ಭಯ. ಅಲ್ಲಿನ ನರ್ಸು, ನನ್ನ ಸೊಸೆಗಿಂತ ಚಿಕ್ಕವಳು, “ಬನ್ನಿ ಅಮ್ಮ, ತೋರಿಸ್ತೀನಿ” ಎಂದು ಡ್ರಾಯರಿನಿಂದ ಒಂದು ಬಟ್ಟೆ ಬೊಂಬೆ ತೆಗೆದಳು. ನೆತ್ತಿಯ ಮೇಲೆ ಅದೇ ಬರ್ಫಿ ಗುರುತು. “ಇದು ಮಗುವಿನ ನೆತ್ತಿ. ಮೂಳೆ ಇನ್ನೂ ಕೂಡಿರಲ್ಲ. ಇದು ಬೆರಳಿಗೆ ಸಿಕ್ಕಿದ್ರೆ ಮಗು ಯಾವ ಕಡೆ ಮುಖ ಮಾಡಿದೆ ಅಂತ ತಿಳಿಯುತ್ತೆ.” ಬೊಂಬೆಯನ್ನು ನನ್ನ ಕೈಗೆ ಕೊಟ್ಟಳು. ಅದರ ಹೊಕ್ಕುಳಿನಲ್ಲೂ ಕೆಂಪು ದಾರ ಇತ್ತು. ತಟ್ಟನೆ ಅದನ್ನು ಮೇಜಿನ ಮೇಲೆ ಇಟ್ಟುಬಿಟ್ಟೆ. “ಹೆದರ್ಬೇಡಿ ಅಮ್ಮ, ಬರೀ ಬಟ್ಟೆ,” ಎಂದು ನಕ್ಕಳು.

ಮಗಳಿಗೆ ಹೊಲಿಗೆ ಕೂಡ ಬೀಳಲಿಲ್ಲ. ಹೆಣ್ಣು ಮಗು, ದೇವರು ಕಣ್ಣು ಬಿಟ್ಟ.

ಊರಿಗೆ ವಾಪಸು ಬಂದ ದಿನ ಸೊಸೆ ಕಾಫಿ ತಂದುಕೊಟ್ಟಳು. ಹೇಳಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಇಟ್ಟುಕೊಂಡು ಬಂದ ಮಾತು ಬೇರೆ. ಬಾಯಿಗೆ ಬಂದದ್ದು ಇಷ್ಟೇ: “ಅಲ್ಲೂ ಒಂದು ಬೊಂಬೆ ಇಟ್ಟಿದ್ದಾರೆ ಕಣೆ. ನಿನ್ನದರ ಹಾಗೇ. ಕೆಂಪು ದಾರದ್ದು.”

ಒಳಗೆ ಹೊರಟಿದ್ದವಳು ತಿರುಗಿದಳು.

“ದಾರ ಎಷ್ಟು ಎಳೆ ಇತ್ತು ಅತ್ತೆ?”

“ಒಂದೇ ಎಳೆ.”

“ಹೊಕ್ಕುಳ ಬಳ್ಳೀಲಿ ರಕ್ತನಾಳ ಮೂರಿರುತ್ವೆ,” ಅಂದಳು. “ನಾನು ಮೂರೂ ಹಾಕಿದ್ದೆ.”

ನಾನು ಕುಡಿದು ಮುಗಿಸುವವರೆಗೆ ಕಾದಿದ್ದು, ಲೋಟ ತಗೊಂಡು ಒಳಗೆ ಹೋದಳು.