ತಿಕ್ಕಿ ಬೆಳಗಿದ ಎಂಟಾಣೆ

ಆಗೆಲ್ಲ ಅಂಕೋಲೆಯ ಬಸ್ ನಿಲ್ದಾಣದ ಪಕ್ಕ ನಮ್ಮದೊಂದು ಚಹಾದಂಗಡಿ ಇತ್ತು. ಬನ್ಸ್ ಕರಿಯುವ ಎಣ್ಣೆಯ ವಾಸನೆ ನನ್ನ ಶಾಲೆಯ ಚೀಲಕ್ಕೂ ಅಂಟಿರುತ್ತಿತ್ತು. ಸಂಜೆ ಅಪ್ಪ ಗಲ್ಲಾಪೆಟ್ಟಿಗೆಯ ಚಿಲ್ಲರೆಯನ್ನು ಮೇಜಿನ ಮೇಲೆ ಸುರುವಿ, ಒಂದೊಂದನ್ನೇ ಮಗುಚಿ ನೋಡುತ್ತಿದ್ದ. ನಾಯಕರ ಮುಖವೋ ಭತ್ತದ ತೆನೆಯೋ, ಯಾವುದಾದರೂ ನೆನಪಿಗೆಂದು ಸರ್ಕಾರ ಹೊರಡಿಸಿದ ನಾಣ್ಯ ಸಿಕ್ಕರೆ, ಬದಲಿಗೆ ತನ್ನ ಕಿಸೆಯ ದುಡ್ಡು ಹಾಕಿ ಅದನ್ನು ಗಾಜಿನ ಬಾಟಲಿಗೆ ಇಳಿಸುತ್ತಿದ್ದ. ಮೀನುಗಾರರ ದೋಣಿಯಿದ್ದ ಎಂಟಾಣೆ ಅವನಿಗೆ ಅಚ್ಚುಮೆಚ್ಚು.

"ಈ ದೋಣಿ ನಿನ್ನ ಆಯಿಯ ಊರಿಂದು," ಎಂದು ನನ್ನ ಅಂಗೈಯಲ್ಲಿಡುತ್ತಿದ್ದ. ಆಯಿ ಎಂದರೆ ನನ್ನ ಅಮ್ಮ; ಅವಳ ತವರು ಕಡಲಂಚಿನ ಹಾರವಾಡ.

"ಚಿಲ್ಲರೆ ಆರಿಸಿ ಯಾರು ಬಂಗ್ಲೆ ಕಟ್ಟಿದ್ರು ಹೇಳು ಮಾರಾಯಾ?" ಎಂದು ದೊಡ್ಡಪ್ಪ ಊಟದ ಪಂಕ್ತಿಯಲ್ಲೇ ಕೆಣಕಿದಾಗ ಅಪ್ಪ ತಲೆತಗ್ಗಿಸಿ ಉಂಡಿದ್ದ. ಆಯಿಯೂ ಸೆರಗು ಬಾಯಿಗೊತ್ತಿ ನಕ್ಕಿದ್ದಳು.

ಒಮ್ಮೆ ಚೌತಿಗೆ ಮುಂಚೆ, ನಾಣ್ಯ ಕೂಡಿಡುವ ಕಾರವಾರದ ಮಾಸ್ತರರೊಬ್ಬರು ಅಂಗಡಿಗೆ ಬಂದವರು, ಅಪ್ಪ ತೋರಿಸಿದ ದೋಣಿಯ ನಾಣ್ಯ ಕಂಡು ಕಣ್ಣರಳಿಸಿದರು.

"ಅಚ್ಚು ಎಷ್ಟು ಚೊಕ್ಕ ಉಳದಿದೆ! ಐತ್ವಾರ ಮನೆಗೇ ಬರ್ತೆ, ಎಲ್ಲಾ ನೋಡ್ವ. ಒಳ್ಳೆ ಬೆಲೆ ಬರ್ತದೆ."

ಅಪ್ಪ ದೊಡ್ಡಪ್ಪನನ್ನೂ ಕರೆದ. ಅಪ್ಪನಿಗೆ ಬೇಕಿದ್ದದ್ದು ದುಡ್ಡಲ್ಲ. ತಾನು ಹುಚ್ಚನಲ್ಲ ಎಂದು ಅಣ್ಣನೆದುರು ಯಾರಾದರೂ ಹೇಳಬೇಕಿತ್ತು, ಅಷ್ಟೆ.

ನಮ್ಮಲ್ಲಿ ಮನೆಗೆ ಯಾರಾದರೂ ಬರುತ್ತಾರೆಂದರೆ ಹಿತ್ತಾಳೆ, ತಾಮ್ರವೆಲ್ಲ ಬಾವಿಕಟ್ಟೆಗೆ ಬರುತ್ತದೆ. ಆ ಭಾನುವಾರ ಬೆಳಿಗ್ಗೆ ಅಪ್ಪ ಅಂಗಡಿಯಲ್ಲಿದ್ದಾಗ ಆಯಿ ಬಾಟಲಿಯನ್ನೂ ತಂದು ಬೋರಲು ಹಾಕಿದಳು. ಅಂದು ನಕ್ಕದ್ದು ಅವಳಿಗೂ ಚುಚ್ಚುತ್ತಿತ್ತೇನೋ.

"ಮಣ್ಣು ಹಿಡದ ದುಡ್ಡು ಮಾಸ್ತರರ ಎದುರಿಗೆ ಇಡೂದು ಹ್ಯಾಂಗೆ ತಂಗೀ? ದೋಣಿ ಚಂದ ಎದ್ದು ಕಾಣ್ಬೇಕು," ಎಂದು ಮಗಳಾದ ನನಗೆ ಹೇಳುತ್ತ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ದೋಣಿಗಳನ್ನೇ ಹೆಚ್ಚು ತಿಕ್ಕಿದಳು. ಮನೆಗೆ ಬಂದ ಅಪ್ಪನೂ ಹೊಳಪು ಕಂಡು ಹಿಗ್ಗಿದ. ಹಾಗೆ ತಿಕ್ಕಬಾರದೆಂದು ಅವನಿಗೂ ಗೊತ್ತಿರಲಿಲ್ಲ.

ಮಾಸ್ತರರು ಭೂತಗನ್ನಡಿ ಹಿಡಿದು ದೋಣಿಗಳನ್ನು ಒಂದೊಂದಾಗಿ ಮಗುಚಿ ನೋಡಿದರು.

"ತಿಕ್ಕಿದವರು ಯಾರು? ಮೈಯೆಲ್ಲಾ ಗೀರು. ಅಚ್ಚೇ ಹಾಳಾಗಿದೆ. ಇನ್ನು ಎಂಟಾಣೆಗೆ ಎಂಟಾಣೆಯೇ ಬೆಲೆ."

ದೊಡ್ಡಪ್ಪ ಹೋ ಎಂದು ನಕ್ಕ. ಚಹಾ ತರುತ್ತಿದ್ದ ಆಯಿ ಬಾಗಿಲ ಹಿಂದೆಯೇ ನಿಂತಳು.

"ನಾನೇ ತಿಕ್ಕಿದೆ," ಎಂದ ಅಪ್ಪ. "ಗೊತ್ತಾಗ್ಲಿಲ್ಲ."

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಯಿಗೆ ಅವನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ. ಮರುದಿನದಿಂದ ಚಿಲ್ಲರೆ ಸುರುವಿ ನೋಡುವುದು ನಿಂತಿತು. ದೋಣಿಗಳೂ ಒಂದೊಂದಾಗಿ ಗಿರಾಕಿಗಳ ಚಿಲ್ಲರೆಗೆ ಹೋದವು. ನಾನು ಕೆಲವು ಸಂಜೆ ಆ ಮೇಜಿನೆದುರು ಸುಮ್ಮನೆ ಕಾದು ಕೂತು, ಕೂತಲ್ಲೇ ನಿದ್ದೆಹೋಗಿದ್ದೆ.

ಈಗ ಅಪ್ಪ ಇಲ್ಲ. ನನ್ನ ತಮ್ಮ ಈಗ ನಡೆಸುವ ಅಂಗಡಿಯಲ್ಲಿ ಚಹಾ ಕುಡಿದವರು ಮೊಬೈಲು ತೋರಿಸಿ ಹೋಗುತ್ತಾರೆ. ಚಿಲ್ಲರೆಯ ಸದ್ದೇ ಇಲ್ಲ. ಮೊನ್ನೆ ಕಾರವಾರದ ಬಸ್ಸಿನಲ್ಲಿ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಅಪ್ಪ ಆರಿಸಿಡುತ್ತಿದ್ದಂಥದೇ ಒಂದು ವಿಶೇಷ ನಾಣ್ಯ ಬಂತು. ಆಯಿಗೆ ತಂದುಕೊಟ್ಟೆ. ಅವಳು ಬರಿಗೈಯಲ್ಲಿ ಮುಟ್ಟಲಿಲ್ಲ. ಸೆರಗಿನ ತುದಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಡ್ಡಿದಳು.

"ಇದ್ಕೆ ನೀರೂ ತಾಗ್ಸಬೇಡ ತಂಗೀ. ಹಾಂಗೇ ಇರ್ಲಿ," ಅಂದಳು. ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟು ಕೇಳಿದಳು, "ಇನ್ನು ಯಾರಿಗೆ ತೋರ್ಸೂದು?"